ಟೋಕಿಯೊದಲ್ಲೊಂದು ಭೂಮಿ ಹುಣ್ಣಿಮೆ

2025ರ ಆಗಸ್ಟ್ 5ರಂದು ಗುನ್ಮಾ ಪ್ರಾಂತ್ಯದ ಇಸೆಸಾಕಿಯಲ್ಲಿ 41.8 ಡಿಗ್ರಿ ಸೆಲ್ಸಿಯಸ್ ದಾಖಲಾಯಿತು. ಜಪಾನಿನಲ್ಲಿ ಅಲ್ಲಿಯವರೆಗೆ ಅಷ್ಟು ಸೆಕೆ ದಾಖಲಾದದ್ದೇ ಇಲ್ಲ. ಅದಾಗಿ ಎರಡೇ ದಿನಕ್ಕೆ ಇಲ್ಲಿನ ಪಂಚಾಂಗ 'ರಿಶ್ಶೂ' ಎಂದಿತು, ಅಂದರೆ ಶರತ್ಕಾಲದ ಆರಂಭ. ಅಂದಿನಿಂದ ಕುಶಲ ಕೇಳುವ ಕಾಗದದ ಒಕ್ಕಣೆಯೂ ಬದಲಾಗುತ್ತದೆ. 'ಬೇಸಿಗೆ ಹೇಗಿದೆ' ಎಂದು ಬರೆಯುವಂತಿಲ್ಲ, 'ಉಳಿದ ಸೆಕೆ ಹೇಗಿದೆ' ಎನ್ನಬೇಕು. ಟೋಕಿಯೊದ ನಿಶಿ ಕಸಾಯ್‌ನ ಮನೆಯಲ್ಲಿ ಏಸಿಯ ಕೆಳಗೆ ಕೂತು ಇದನ್ನು ಓದಿದಾಗ ನನಗೆ ನಗು ಬಂತು.

ನಾನು ಸಾಗರದ ಕಡೆಯವನು. ನಮ್ಮಲ್ಲಿ ಬೇಸಿಗೆಯ ಕತೆಯನ್ನು ಜೂನಿನಲ್ಲಿ ಮುಂಗಾರೇ ಮುಗಿಸಿಬಿಡುತ್ತದೆ. ಶರತ್ತು ಬಂದರೆ ನಮಗೆ ಬಿಡುವು ಸಿಗುವುದು ಮಳೆಯಿಂದ, ಸೆಕೆಯಿಂದಲ್ಲ. 'ಶರದೃತು' ಎಂಬ ಮಾತಾದರೂ ಶಾಲೆಯ ಪುಸ್ತಕದ್ದು. ಮನೆಯಲ್ಲಿ ಕೇಳುತ್ತಿದ್ದದ್ದು ಹಸ್ತ, ಚಿತ್ತೆ, ಸ್ವಾತಿ. 'ಕುರುಡು ಚಿತ್ತೆ ಎರಚಿದತ್ತಲೇ ಬೆಳೆ' ಎನ್ನುತ್ತಿದ್ದ ಅಜ್ಜನಿಗೆ ದಿನಾಂಕ ನೋಡಿ ಋತುವನ್ನು ಬರಮಾಡಿಕೊಳ್ಳುವ ಈ ಜನ ವಿಚಿತ್ರವಾಗಿಯೇ ಕಾಣುತ್ತಿದ್ದರು.

ಆದರೆ ಇವರ ಹಟ ನನಗೆ ನಿಧಾನವಾಗಿ ಹಿಡಿಸಿದೆ. ಸೆಕೆಯಾಗಲಿ ಚಳಿಯಾಗಲಿ ಹಿಗನ್‌ವರೆಗೆ ಮಾತ್ರ ಎಂಬ ಗಾದೆ ಇಲ್ಲಿದೆ. ಹಿಗನ್ ವರ್ಷಕ್ಕೆ ಎರಡು ಸಲ ಬರುತ್ತದೆ. ಚಳಿ ಮುಗಿಸುವುದು ಮಾರ್ಚಿನದು, ಸೆಕೆ ಮುಗಿಸುವುದು ಸೆಪ್ಟೆಂಬರ್ 23ರ ಆಸುಪಾಸಿನ ವಾರ. ಆಗ ಹಿರಿಯರ ಸಮಾಧಿಗೆ ಹೋಗಿ ಬರುತ್ತಾರೆ, ನಮ್ಮ ಪಿತೃಪಕ್ಷದ ಹಾಗೆಯೇ. ಅಕ್ಟೋಬರ್ 1 ಬಂತೆಂದರೆ ಬಟ್ಟೆ ಬದಲಾಯಿಸುವ 'ಕೊರೊಮೊಗಾಯೆ'. ಪಕ್ಕದ ಮನೆಯ ಅಜ್ಜಿ ಬೇಸಿಗೆಯ ಬಟ್ಟೆಗಳನ್ನು ಮಡಚಿ ಪೆಟ್ಟಿಗೆಗೆ ಹಾಕುತ್ತಾ ಬೆವರು ಒರೆಸಿಕೊಳ್ಳುತ್ತಿದ್ದರು. ಸೆಕೆಗೆ ಹೆದರಿ ದಿನವನ್ನು ಮುಂದಕ್ಕೆ ಹಾಕುವುದುಂಟೇ ಎಂಬಂತಿತ್ತು ಅವರ ಮುಖ.

ನಿಜವಾದ ಸುದ್ದಿ ಮೂಗಿಗೆ ಮುಟ್ಟಿತು. ಒಂದು ಬೆಳಿಗ್ಗೆ ನಿಲ್ದಾಣಕ್ಕೆ ಹೋಗುವ ಓಣಿಯಲ್ಲಿ ಕಳಿತ ಹಣ್ಣಿನಂಥ ಸಿಹಿ ಕಂಪು. ಅದು ಕಿನ್‌ಮೊಕುಸೆಯ್. ಎಲೆಯ ಬುಡದಲ್ಲಿ ಅಡಗಿದ, ಅಕ್ಕಿಕಾಳಿನಷ್ಟು ಚಿಕ್ಕ ಕಿತ್ತಳೆ ಹೂ. ಒಂದು ಮಳೆ ಹೊಡೆದರೆ ಮರದ ಬುಡವೆಲ್ಲ ಕಿತ್ತಳೆ ಬಣ್ಣದ ಚಾಪೆ. ನಮ್ಮ ಅಂಗಳದ ಪಾರಿಜಾತ ನೆನಪಾಗಿ ಬಗ್ಗಿ ಒಂದು ಹಿಡಿ ಆರಿಸಿಕೊಂಡೆ. ಇದೇ ಪರಿಮಳವನ್ನು ಹಿಂದೆ ಶೌಚಾಲಯದ ಸುಗಂಧಕ್ಕೆ ಬಳಸುತ್ತಿದ್ದರಂತೆ. ಹಿರಿಯ ಸಹೋದ್ಯೋಗಿಯೊಬ್ಬರಿಗೆ ಈ ಹೂ ಎಂದರೆ ಈಗಲೂ ಅದೇ ನೆನಪು, ಪಾಪ.

ನನ್ನ ತಕರಾರು ಇರುವುದು ಚಂದ್ರದರ್ಶನದ 'ತ್ಸುಕಿಮಿ' ಹಬ್ಬದ ಬಗ್ಗೆ. ಹದಿನೈದು ಅಕ್ಕಿಹಿಟ್ಟಿನ ಉಂಡೆಗಳನ್ನು ಗೋಪುರದಂತೆ ಪೇರಿಸಿ, ಪಕ್ಕದಲ್ಲಿ ಸುಸುಕಿ ಹುಲ್ಲಿನ ತೆನೆ ಇಟ್ಟು ಚಂದ್ರನಿಗೆ ಅರ್ಪಿಸುತ್ತಾರೆ. ಆ ಹುಲ್ಲು ಭತ್ತದ ತೆನೆಯ ಬದಲಿಗೆ ಇಡುವಂಥದ್ದು. ನಮ್ಮ ಮಲೆನಾಡಿನ ಭೂಮಿ ಹುಣ್ಣಿಮೆಯಲ್ಲಿ ಬದಲಿಯ ಮಾತೇ ಇಲ್ಲ. ಹೊಡೆ ತುಂಬಿದ ಭತ್ತದ ಗದ್ದೆಯೇ ಬಸುರಿ, ಅವಳಿಗೆ ಬಯಕೆಯ ಊಟ. ರಾತ್ರಿಯಿಡೀ ಬಗೆಬಗೆಯ ಸೊಪ್ಪು, ಕಡುಬು, ಪಾಯಸ. ಕತ್ತಲು ಹರಿಯುವ ಮೊದಲೇ ಚಿತ್ತಾರದ ಭೂಮಣ್ಣಿ ಬುಟ್ಟಿ ಹೊತ್ತು ಗದ್ದೆಗೆ ಹೋಗಿ ಚರಗ ಬೀರಿ, ಕಾಗೆಗೊಂದು ಪಾಲು, ಇಲಿಗೊಂದು ಪಾಲು. ಇವರು ಮೇಲೆ ನೋಡುತ್ತಾರೆ, ನಾವು ಕೆಳಗೆ ಬಗ್ಗುತ್ತೇವೆ. ನಮ್ಮದೇ ಸರಿ ಎಂದು ನಾನು ವಾದಿಸಬಲ್ಲೆ.

ಆ ವರ್ಷ ಎರಡೂ ಹಬ್ಬಗಳಿಗೆ ಒಂದೇ ಹುಣ್ಣಿಮೆ ಬಿತ್ತು. ಅಕ್ಟೋಬರ್ 6ರ ರಾತ್ರಿ ಬಾಲ್ಕನಿಯಲ್ಲಿ ಅಂಗಡಿಯಿಂದ ತಂದ ಉಂಡೆಗಳ ಡಬ್ಬಿ ಇಟ್ಟುಕೊಂಡು ಊರಿಗೆ ಫೋನ್ ಮಾಡಿದೆ. ಅಲ್ಲಿ ಅಮ್ಮ ಸೊಪ್ಪು ಹೆಚ್ಚುತ್ತಿದ್ದಳು.

"ಚಂದ್ರನಿಗೆ ಇಟ್ಟೆಯಲ್ಲ, ಮಣ್ಣಿಗೇನು ಕೊಟ್ಟೆ?" ಎಂದಳು.

ಏಳನೆಯ ಮಹಡಿಯಲ್ಲಿ ನನ್ನ ಪಾಲಿನ ಮಣ್ಣು ಎಂದರೆ ಕರಿಬೇವಿನ ಕುಂಡ ಒಂದೇ. ಒಂದು ಉಂಡೆಯನ್ನು ಅದರ ಬುಡಕ್ಕಿಟ್ಟೆ. ಬೆಳಿಗ್ಗೆ ಟೋಕಿಯೊದ ದಪ್ಪ ಕೊಕ್ಕಿನ ಕಾಗೆ ಅದನ್ನು ಎತ್ತಿಕೊಂಡು ಹೋಗಿ ಎದುರಿನ ತಂತಿಯ ಮೇಲೆ ಕೂತಿತ್ತು.