ಹಾಸಿಗೆ, ಹೊದಿಕೆ, ಗುದ್ದಲಿ

ಪ್ರತಿ ವರ್ಷ ಮಾರ್ಚ್ ಬಂದರೆ ಫೇಸ್‌ಬುಕ್ ನನ್ನದೊಂದು ಹಳೆಯ ಪೋಸ್ಟನ್ನು ಎತ್ತಿ ತಂದು ಮುಂದಿಡುತ್ತದೆ. 2012ರದು. ಉತ್ತರ ಉಗಾಂಡದಲ್ಲಿ ಮಕ್ಕಳನ್ನು ಅಪಹರಿಸಿ ತನ್ನ ಪಡೆಗೆ ಸೇರಿಸಿಕೊಂಡಿದ್ದ ಜೋಸೆಫ್ ಕೋನಿ ಎಂಬ ಬಂಡುಕೋರನನ್ನು ಹಿಡಿಯಬೇಕೆಂದು ಅಮೆರಿಕದ ಸಂಸ್ಥೆಯೊಂದು ಅರ್ಧ ಗಂಟೆಯ ವಿಡಿಯೊ ಮಾಡಿತ್ತು. ವಾರದೊಳಗೆ ಜನ ಅದನ್ನು ಹತ್ತು ಕೋಟಿ ಸಲ ನೋಡಿದ್ದರು. ನಾನೂ ನೋಡಿದೆ, ಕಣ್ಣು ಒರೆಸಿಕೊಂಡೆ, "ಉಗಾಂಡದ ಮಕ್ಕಳನ್ನು ಉಳಿಸೋಣ" ಎಂದು ಬರೆದು ಹಂಚಿದೆ. ಎಂಬತ್ತು ಚಿಲ್ಲರೆ ಲೈಕ್ ಬಂದವು. ಕೋನಿ ಉಗಾಂಡ ಬಿಟ್ಟು ಹೋಗಿ ಆಗಲೇ ಆರು ವರ್ಷವಾಗಿತ್ತು ಎಂಬುದು ನನಗೂ ಗೊತ್ತಿರಲಿಲ್ಲ, ಲೈಕ್ ಒತ್ತಿದವರಿಗೂ ಗೊತ್ತಿರಲಿಲ್ಲ. ಆ ಪೋಸ್ಟನ್ನು ಅಳಿಸಿಲ್ಲ. ವರ್ಷಕ್ಕೊಮ್ಮೆ ನಾಚಿಕೊಳ್ಳಲು ಒಂದು ನೆಪ ಬೇಕಲ್ಲ.

ಅದೇ ತಿಂಗಳು ಉತ್ತರ ಉಗಾಂಡದ ಲೀರಾ ಪಟ್ಟಣದಲ್ಲಿ ಬಯಲಿನಲ್ಲಿ ಪರದೆ ಕಟ್ಟಿ ಆ ವಿಡಿಯೊ ತೋರಿಸಿದರು. ಕೋನಿಯ ಪಡೆಯಿಂದ ಮಕ್ಕಳನ್ನು ಕಳೆದುಕೊಂಡವರೂ ಆ ಗುಂಪಿನಲ್ಲಿದ್ದರು. ತಮ್ಮ ಕಥೆ ನೋಡಲು ಬಂದವರಿಗೆ ಕಂಡದ್ದು ಒಬ್ಬ ಅಮೆರಿಕನ್ ತಂದೆ, ಅವನ ಪುಟ್ಟ ಮಗ, ಮತ್ತು ತಮ್ಮನ್ನು ಹಾಳು ಮಾಡಿದವನ ಮುಖ ಹೊತ್ತ ಪೋಸ್ಟರು, ಟಿ-ಶರ್ಟುಗಳು. ಸಿಟ್ಟು ನೆತ್ತಿಗೇರಿ ಕಲ್ಲು ತೂರಿದರು. ಊರೂರಿಗೆ ಹೋಗಿ ತೋರಿಸುವ ಯೋಜನೆ ಅಲ್ಲಿಗೇ ನಿಂತಿತು. ಕಲ್ಲು ತೂರಿದ ಸುದ್ದಿ ಓದಿದ ಮೇಲೆಯೇ ನಾನು ಈ ವಿಷಯವನ್ನು ಸರಿಯಾಗಿ ಓದಲು ಕುಳಿತದ್ದು.

ಲೀರಾದಿಂದ ಬಹಳ ದೂರವಿಲ್ಲದ ಅಬೋಕೆಯಲ್ಲಿ ಒಂದು ಹೆಣ್ಣುಮಕ್ಕಳ ಶಾಲೆಯಿದೆ. 1996ರ ಅಕ್ಟೋಬರ್ 10ರ ನಸುಕಿನಲ್ಲಿ ಕೋನಿಯ ಪಡೆ ಅಲ್ಲಿಂದ 139 ಹುಡುಗಿಯರನ್ನು ಹೊತ್ತೊಯ್ದಿತು. ಬೆಳಗಾಗುತ್ತಲೇ ಸಿಸ್ಟರ್ ರಕೇಲೆ ಫಸ್ಸೇರಾ ಎಂಬ ಇಟಲಿಯ ಸನ್ಯಾಸಿನಿ ಒಬ್ಬ ಶಿಕ್ಷಕನನ್ನು ಜೊತೆಗೆ ಕರೆದುಕೊಂಡು, ಬರಿಗೈಯಲ್ಲಿ, ಕಾಲ್ದಾರಿ ಹಿಡಿದು ಬೆನ್ನಟ್ಟಿದರು. ಬಂಡುಕೋರರನ್ನು ಹಿಡಿದು ನಿಲ್ಲಿಸಿ, ಬೇಡಿ, 109 ಹುಡುಗಿಯರನ್ನು ಬಿಡಿಸಿಕೊಂಡು ಬಂದರು. ಮೂವತ್ತು ಮಂದಿಯನ್ನು ಬಿಡಲಿಲ್ಲ. ಆ ಮೂವತ್ತರಲ್ಲಿ ಒಬ್ಬಳು ಲೀರಾದ ಸೂಲಗಿತ್ತಿ ನರ್ಸ್ ಆಂಜೆಲಿನಾ ಅತ್ಯಾಮ್ ಅವರ ಮಗಳು. ಅತ್ಯಾಮ್ ಉಳಿದ ತಂದೆತಾಯಂದಿರನ್ನು ಕೂಡಿಸಿ ಸಂಘ ಕಟ್ಟಿದರು, ದೇಶ ದೇಶ ಸುತ್ತಿ ಮಾತನಾಡಿದರು. ಆ ಸದ್ದು ಬಂಡುಕೋರರಿಗೆ ಮುಜುಗರವಾಯಿತು. ಬಾಯಿ ಮುಚ್ಚಿಕೊಂಡರೆ ನಿನ್ನ ಮಗಳನ್ನು ಬಿಡುತ್ತೇವೆ ಎಂದು ಹೇಳಿ ಕಳುಹಿಸಿದರು. ಬಿಡುವುದಾದರೆ ಎಲ್ಲರನ್ನೂ ಬಿಡಿ ಎಂದರು ತಾಯಿ. ಅವರು ಬಿಡಲಿಲ್ಲ. ಮಗಳು ಮನೆ ಸೇರಿದ್ದು 2004ರಲ್ಲಿ, ಕಾಡಿನಲ್ಲಿ ಹುಟ್ಟಿದ ಮಕ್ಕಳೊಂದಿಗೆ. ಆ ಎಂಟು ವರ್ಷ ಆ ಮನೆಯಲ್ಲಿ ಊಟಕ್ಕೆ ಕುಳಿತಾಗ ಏನೇನು ಮಾತು ನಡೆದಿರಬಹುದು ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ. ನಾನಾಗಿದ್ದರೆ ಬಾಯಿ ಮುಚ್ಚಿಕೊಳ್ಳುತ್ತಿದ್ದೆ.

ಹೀಗೆ ಅಪಹರಣವಾದ ಮಕ್ಕಳು ಯುನಿಸೆಫ್ ಅಂದಾಜಿನಂತೆ ಇಪ್ಪತ್ತೈದು ಸಾವಿರ. ಕೊನೆಕೊನೆಗೆ ಹಳ್ಳಿಯ ಮಕ್ಕಳು ಸಂಜೆಯಾದರೆ ಚಾಪೆ ಸುತ್ತಿಕೊಂಡು ಗುಲು ಪಟ್ಟಣಕ್ಕೆ ನಡೆದು ಬಂದು, ಅಂಗಡಿ ಜಗಲಿಗಳಲ್ಲಿ, ಬಸ್ ನಿಲ್ದಾಣದಲ್ಲಿ, ಲಾಚೋರ್ ಆಸ್ಪತ್ರೆಯ ಅಂಗಳದಲ್ಲಿ ಮಲಗಿ, ಬೆಳಿಗ್ಗೆ ಮತ್ತೆ ನಡೆದು ಹೋಗುತ್ತಿದ್ದರು.

ಇನ್ನು ನೆರವಿನ ವಿಷಯ. ಇಲ್ಲಿ ನನಗೆ ಹೊಟ್ಟೆ ಉರಿಯುತ್ತದೆ.

1996ರಿಂದ ಉಗಾಂಡ ಸರ್ಕಾರ ಉತ್ತರ ಭಾಗದ ಅಚೋಲಿ ಎಂಬ ಜನಾಂಗದವರನ್ನು "ರಕ್ಷಣೆ"ಯ ಹೆಸರಿನಲ್ಲಿ ಹಳ್ಳಿಗಳಿಂದ ಎಬ್ಬಿಸಿ ಶಿಬಿರಗಳಿಗೆ ತುಂಬಿತು. ಒಂದು ಹಂತದಲ್ಲಿ ಅಚೋಲಿಗಳಲ್ಲಿ ಶೇಕಡಾ 90ಕ್ಕೂ ಹೆಚ್ಚು ಮಂದಿ ಶಿಬಿರದಲ್ಲಿದ್ದರು. ಹೊಲಕ್ಕೆ ಹೋದರೆ ಬಂಡುಕೋರ ಎಂದು ಸೈನ್ಯವೇ ಗುಂಡು ಹಾರಿಸಬಹುದಿತ್ತು. ಉಳಲು ಬಿಡದೆ ಕೂಡಿಟ್ಟ ಜನರ ಹೊಟ್ಟೆ ತುಂಬಿಸಿದ್ದು ವಿಶ್ವ ಆಹಾರ ಕಾರ್ಯಕ್ರಮದ ಲಾರಿಗಳು, ಅದೂ ಅದೇ ಸೈನ್ಯದ ಬೆಂಗಾವಲಿನಲ್ಲಿ. 2005ರಲ್ಲಿ ಉಗಾಂಡದ ಆರೋಗ್ಯ ಸಚಿವಾಲಯ ಮತ್ತು ವಿಶ್ವ ಆರೋಗ್ಯ ಸಂಸ್ಥೆ ಸಮೀಕ್ಷೆ ಮಾಡಿದಾಗ, ಸಾಮಾನ್ಯ ಕಾಲದಲ್ಲಿ ಆಗುವ ಸಾವುಗಳಿಗಿಂತ ವಾರಕ್ಕೆ ಸುಮಾರು ಒಂದು ಸಾವಿರ ಸಾವು ಅಲ್ಲಿ ಹೆಚ್ಚಾಗಿ ಆಗುತ್ತಿದ್ದವು. ಬಹುಪಾಲು ಗುಂಡಿನಿಂದಲ್ಲ, ಮಲೇರಿಯಾ ಮತ್ತಿತರ ಕಾಯಿಲೆಗಳಿಂದ. ಆ ವರ್ಷಗಳಲ್ಲಿ ಉಗಾಂಡದ ಬಜೆಟ್ಟಿನ ಹತ್ತಿರ ಹತ್ತಿರ ಅರ್ಧ ಹಣ ಬರುತ್ತಿದ್ದುದು ಹೊರಗಿನ ದಾನಿಗಳಿಂದ. ಲಾರಿಗಳನ್ನು ನಿಲ್ಲಿಸಬೇಕಿತ್ತು ಎಂದು ನಾನು ಹೇಳಲಾರೆ. ನಿಲ್ಲಿಸಿದ್ದರೆ ಜನ ಹಸಿವಿನಿಂದ ಸಾಯುತ್ತಿದ್ದರು. ಆದರೆ ಹಣ ಕೊಡುವ ಕೈಗೆ ಬಾಯೂ ಇತ್ತಲ್ಲ? ಒಬ್ಬ ತಾಯಿಗೆ ಮಗಳ ಪ್ರಾಣವನ್ನು ಒತ್ತೆಯಿಟ್ಟು ಸುಮ್ಮನಿರು ಎಂದಾಗ ಆಕೆ ಸುಮ್ಮನಿರಲಿಲ್ಲ. ಯಾವ ಒತ್ತೆಯೂ ಇಲ್ಲದ ದೊಡ್ಡ ದೊಡ್ಡ ರಾಜತಾಂತ್ರಿಕರು ವರ್ಷಗಟ್ಟಲೆ ಸುಮ್ಮನಿದ್ದರು.

ತಪ್ಪಿಸಿಕೊಂಡು ಬಂದ ಮಕ್ಕಳಿಗೆ ಗುಲುವಿನಲ್ಲಿ ಸ್ವಾಗತ ಕೇಂದ್ರಗಳಿದ್ದವು. ಕೆಲವು ವಾರ, ಹೆಚ್ಚೆಂದರೆ ಕೆಲವು ತಿಂಗಳು ಅಲ್ಲಿ ಇರಿಸಿಕೊಂಡು, ಚಿಕಿತ್ಸೆ ಕೊಡಿಸಿ, ಮನೆಯವರನ್ನು ಹುಡುಕಿ ಕಳುಹಿಸುತ್ತಿದ್ದರು. ಒಳ್ಳೆಯ ಕೆಲಸವೇ. ಹೊರಡುವಾಗ ಕೈಗೆ ಒಂದು ಗಂಟು: ಹಾಸಿಗೆ, ಹೊದಿಕೆ, ಪಾತ್ರೆ, ಬೀಜ, ಒಂದು ಗುದ್ದಲಿ. ಫೋಟೊ ಕೂಡ ತೆಗೆಯುತ್ತಿದ್ದರು. ಆದರೆ ಆ ಮಗು ಹೋಗಿ ಸೇರುತ್ತಿದ್ದುದು ಹಳ್ಳಿಗಲ್ಲ, ಶಿಬಿರಕ್ಕೆ. ಗುದ್ದಲಿ ಇತ್ತು, ಅಗೆಯಲು ಅಂಗೈ ಅಗಲ ನೆಲವಿರಲಿಲ್ಲ.

ಕ್ರಿಸ್ಟೋಫರ್ ಬ್ಲಾಟ್‌ಮನ್ ಮತ್ತು ಜೀನಿ ಆನನ್ ಎಂಬ ಸಂಶೋಧಕರು ಅಲ್ಲಿ ಅಪಹರಣಕ್ಕೊಳಗಾದ ಮತ್ತು ಒಳಗಾಗದ ಯುವಕರನ್ನು ಹೋಲಿಸಿ ನೋಡಿದರು. ನಮ್ಮ ಕಲ್ಪನೆಯ ಪ್ರಕಾರ ಕಾಡಿನಿಂದ ಬಂದವರೆಲ್ಲ ಮನಸ್ಸು ಕೆಟ್ಟು ಹಿಂಸೆಗೆ ಇಳಿದಿರಬೇಕು. ಹಾಗಿರಲಿಲ್ಲ. ತೀವ್ರ ಮಾನಸಿಕ ನೋವು ಕೆಲವರಲ್ಲಿ ಮಾತ್ರ ಉಳಿದಿತ್ತು. ಎದ್ದು ಕಂಡ ನಷ್ಟ ಬೇರೆಯೇ: ಹೆಚ್ಚುಕಡಿಮೆ ಒಂದು ವರ್ಷದ ಓದು ಹೋಗಿತ್ತು, ಕಸುಬಿನ ಕೆಲಸ ಸಿಗುವ ಸಂಭವ ಅರ್ಧಕ್ಕೆ ಇಳಿದಿತ್ತು, ಗಳಿಕೆ ಮೂರನೇ ಒಂದು ಭಾಗ ಕಡಿಮೆಯಾಗಿತ್ತು. ಅಂದರೆ ಬೇಕಾಗಿದ್ದುದು ಶಾಲೆಯ ಶುಲ್ಕ, ಒಂದು ಕಸುಬು, ಬಂಡವಾಳ. ಇವುಗಳಿಗೆ ಫೋಟೊ ಚೆನ್ನಾಗಿ ಬರುವುದಿಲ್ಲ. ಹದಿನೆಂಟರ ಹುಡುಗ ಆರನೇ ತರಗತಿಯ ಬೆಂಚಿನಲ್ಲಿ ಮುದುಡಿ ಕುಳಿತ ಚಿತ್ರಕ್ಕೆ ಯಾರು ಹಣ ಕಳುಹಿಸುತ್ತಾರೆ?

ಮನಸ್ಸಿನ ವಿಷಯಕ್ಕೆ ಅಚೋಲಿಗಳಿಗೆ ಅವರದೇ ದಾರಿಗಳಿದ್ದವು. ಬಹುಕಾಲ ದೂರವಿದ್ದು ಬಂದವನು ಅಂಗಳದ ಹೊರಗೆ ನಿಂತು ಒಂದು ಹಸಿ ಕೋಳಿಮೊಟ್ಟೆಯನ್ನು ತುಳಿದು ಒಳಗೆ ಬರಬೇಕು. ಮೊಟ್ಟೆಯ ಜೊತೆ ಒಂದು ಲೋಳೆ ಗಿಡದ ಕಡ್ಡಿ, ಕಣಜದ ಮುಚ್ಚಳ ಎತ್ತುವ ಕೋಲು. ಇನ್ನು ಮುಂದೆ ಇದೇ ಕಣಜದ ಕಾಳು ನಿನಗೂ ಎಂದು ಅರ್ಥ. ಶಿಬಿರದಲ್ಲಿ ಕಣಜ ಎಲ್ಲಿತ್ತು ಎಂಬುದು ಬೇರೆ ಮಾತು.

"ಬಾಲಸೈನಿಕ" ಎಂಬ ನಮ್ಮ ಪತ್ರಿಕೆಗಳ ಶಬ್ದದಲ್ಲಿಯೂ ಒಂದು ತೊಡಕಿದೆ. ಕೇಳಿದ ಕೂಡಲೇ ಬಂದೂಕು ಹಿಡಿದ ಗಂಡುಹುಡುಗ ಕಣ್ಣಿಗೆ ಕಟ್ಟುತ್ತಾನೆ. ಕಮಾಂಡರನ ಮನೆಯಲ್ಲಿ ಅಡುಗೆ ಮಾಡಿ, ಕೂಸು ಎತ್ತಿ, ಮೈನೆರೆದ ಮೇಲೆ ಅವನಿಗೇ "ಹೆಂಡತಿ" ಆಗಬೇಕಾದ ಹುಡುಗಿ ಆ ಶಬ್ದದೊಳಗೆ ಕಾಣುವುದಿಲ್ಲ. ಪಶ್ಚಿಮ ಆಫ್ರಿಕಾದ ಸಿಯೆರಾ ಲಿಯೋನ್‌ನಲ್ಲಿ ಯುದ್ಧ ಮುಗಿದು ಮಕ್ಕಳನ್ನು ಪಡೆಗಳಿಂದ ಬಿಡಿಸಿದಾಗ, ಬಿಡುಗಡೆಯ ಪಟ್ಟಿಯಲ್ಲಿ ಹುಡುಗಿಯರು ಶೇಕಡಾ ಹತ್ತಕ್ಕಿಂತ ಕಡಿಮೆ. ಉಳಿದವರು ಯಾವ ಗಂಟೂ ಇಲ್ಲದೆ ತಮ್ಮ ಪಾಡಿಗೆ ಎಲ್ಲೆಲ್ಲಿಗೋ ಸೇರಿಕೊಂಡರು. ಉಗಾಂಡದಲ್ಲಿ ಇನ್ನೊಂದು ಕಷ್ಟ. ಅಚೋಲಿಗಳಲ್ಲಿ ಭೂಮಿ ತಂದೆಯ ಕುಲದಿಂದ ಬರುತ್ತದೆ. ಕಾಡಿನಲ್ಲಿ ಹುಟ್ಟಿದ ಮಗುವಿಗೆ ತಂದೆಯ ಕುಲ ಗೊತ್ತಿರುವುದಿಲ್ಲ, ಗೊತ್ತಿದ್ದರೂ ಹೇಳುವಂತಿಲ್ಲ. ತಾಯಿಯ ಅಣ್ಣತಮ್ಮಂದಿರು ಎಷ್ಟು ದಿನ ಸಹಿಸುತ್ತಾರೆ? ಆ ಮಕ್ಕಳಿಗೆ ಈಗ ಇಪ್ಪತ್ತು, ಇಪ್ಪತ್ತೈದು ವರ್ಷ. ಬಾಳು ಕಟ್ಟಿಕೊಳ್ಳುವ ವಯಸ್ಸು, ನೆಲ ಕೇಳುವ ವಯಸ್ಸು.

ಒಂಬತ್ತು ವರ್ಷದ ಆಸುಪಾಸಿನಲ್ಲಿ ಅಪಹೃತನಾಗಿ, ಬೆಳೆದು ಕೋನಿಯ ಪಡೆಯಲ್ಲೇ ಕಮಾಂಡರನಾದ ಡೊಮಿನಿಕ್ ಓಂಗ್ವೆನ್‌ಗೆ ಹೇಗ್‌ನ ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯ 2021ರಲ್ಲಿ 25 ವರ್ಷ ಶಿಕ್ಷೆ ವಿಧಿಸಿತು. 2024ರಲ್ಲಿ, ಅವನಿಂದ ನೊಂದ ಸುಮಾರು ಐವತ್ತು ಸಾವಿರ ಮಂದಿಗೆ ತಲಾ 750 ಯೂರೊ ಪರಿಹಾರ ಎಂದಿತು. ಆಗಿನ ಲೆಕ್ಕದಲ್ಲಿ ನಮ್ಮ ಅರವತ್ತೇಳು ಸಾವಿರ ರೂಪಾಯಿ. ಅವನ ಬಳಿ ಬಿಡಿಗಾಸಿಲ್ಲವಾದ್ದರಿಂದ ಆ ಹಣವನ್ನೂ ದಾನಿಗಳಿಂದಲೇ ಎತ್ತಬೇಕು.

ಹಾಗಾದರೆ ಕೊಡುವುದೇ ಬೇಡವೇ ಎಂದು ಸ್ನೇಹಿತರು ಕೇಳುತ್ತಾರೆ. ನಾನು ಕೊಡುತ್ತೇನೆ. ಕಳೆದ ತಿಂಗಳು ಕಾಂಗೊದ ಮಕ್ಕಳಿಗಾಗಿ ಒಂದು ಸಂಸ್ಥೆಯಿಂದ ಮನವಿ ಬಂದಿತ್ತು, ಮೇಲ್ಗಡೆ ಅದೇ ಬಂದೂಕು, ಅದೇ ಕಣ್ಣುಗಳು. ಮಗು ಮನೆ ಸೇರಿದ ಮೇಲೆ ನೀವು ಎಷ್ಟು ವರ್ಷ ಜೊತೆಗಿರುತ್ತೀರಿ, ಹುಡುಗಿಯರು ಎಷ್ಟು ಮಂದಿ, ಶಾಲೆಯ ಶುಲ್ಕ ಯಾರು ಕಟ್ಟುತ್ತಾರೆ ಎಂದು ಬರೆದು ಕೇಳಿದೆ. ಯೋಜನೆಯ ಅವಧಿ ಒಂಬತ್ತು ತಿಂಗಳು ಎಂದು ಉತ್ತರ ಬಂತು. ಹತ್ತನೇ ತಿಂಗಳಿಗೆ ಏನು ಎಂದು ಮತ್ತೆ ಬರೆದಿದ್ದೇನೆ. ಚೆಕ್ಕು ಮೇಜಿನ ಮೇಲಿದೆ, ಸಹಿ ಇನ್ನೂ ಹಾಕಿಲ್ಲ.