ಮನೆಯವರಿಗೆ ಮುಂದಿನ ಸಾಲು ಬೇಡ

"ಮನೆಯವರು ಎದುರಿಗೆ ಕೂತಿದ್ದರೆ ನುಡಿಸೋಕೆ ಭಯ ಆಗಲ್ವಾ?" ಊರೂರು ಸುತ್ತಿ ಸಂಗೀತ ಕಚೇರಿ ಮಾಡುವ ನಮ್ಮಂಥವರಿಗೆ ಈ ಪ್ರಶ್ನೆ ಆಗಾಗ ಬರುತ್ತದೆ. ನನಗೆ ಭಯ ಏನೂ ಆಗಲ್ಲ. ಪಾಪ ಅನ್ನಿಸುತ್ತದೆ, ಅಷ್ಟೇ. ಕಷ್ಟ ಆಗುವುದು ನುಡಿಸುವವನಿಗಲ್ಲ, ಎದುರಿಗೆ ಕೂತವರಿಗೆ.

ನಾನು ಮೃದಂಗದವನು. ಮಂಡ್ಯದ ಹತ್ತಿರದ ಹಳ್ಳಿ, ಕಬ್ಬು ಭತ್ತ ಬೆಳೆಯುವ ಮನೆ. ಪಕ್ಕವಾದ್ಯಕ್ಕೆ ಅಂತ ಚೆನ್ನೈ, ಹೈದರಾಬಾದ್, ಉಡುಪಿ ಎಲ್ಲ ಕಡೆ ಹೋಗುತ್ತೇನೆ. ಅಲ್ಲಿಗೆಲ್ಲ ನಮ್ಮ ಮನೆಯವರು ಬರುವುದಿಲ್ಲ. ಆದರೆ ಮೈಸೂರಲ್ಲಿ ಕಚೇರಿ ಅಂತ ಗೊತ್ತಾದರೆ ಸಾಕು, ಫೋನ್ ಮೇಲೆ ಫೋನ್. ಮಂಡ್ಯದಿಂದ ಮೈಸೂರಿಗೆ 45 ಕಿಲೋಮೀಟರ್. ಬೆಳಿಗ್ಗೆ ಹೊರಟು ಚಾಮುಂಡಿ ಬೆಟ್ಟ ಹತ್ತಿ, ದೇವರಾಜ ಮಾರ್ಕೆಟ್ಟಲ್ಲಿ ಹೂವು ತಗೊಂಡು, ಸಂಜೆ ಕಚೇರಿ ನೋಡಿ, ರಾತ್ರಿ ಊರು ಸೇರಿಕೊಳ್ಳಬಹುದು. 'ನೋಡಿ' ಅಂತಲೇ ಹೇಳಬೇಕು, ನಮ್ಮ ಕಡೆಯವರು ಕಚೇರಿ ನೋಡೋಕೇ ಬರುವುದು.

ಮೈಸೂರಲ್ಲಿ ಸಂಗೀತ ಕೇಳುವ ಅಭ್ಯಾಸ ಹಳೆಯದು. ಹಳೇ ಕಾಲದ ದೊಡ್ಡ ಗಾಯಕರು ಬಿಡಾರಂ ಕೃಷ್ಣಪ್ಪನವರು ಕಟ್ಟಿಸಿದ ಪ್ರಸನ್ನ ಸೀತಾರಾಮ ಮಂದಿರ ಇದೆ. ಗಣಪತಿ ಹಬ್ಬ ಬಂತು ಅಂದರೆ ವಿ.ವಿ. ಮೊಹಲ್ಲಾದ ಎಂಟನೇ ಕ್ರಾಸಿನಲ್ಲಿ ಪೆಂಡಾಲ್ ಏಳುತ್ತದೆ. ಅಲ್ಲಿ ನುಡಿಸಬೇಕು ಅಂತ ದೂರದ ಊರಿನ ವಿದ್ವಾಂಸರೂ ಆಸೆಪಡುತ್ತಾರೆ. ಇಲ್ಲಿನ ಕೇಳುಗರು ಗಟ್ಟಿ. ತಾಳ ಅರ್ಧ ಅಕ್ಷರ ಆಚೀಚೆ ಆದರೂ ಹುಬ್ಬು ಏರುತ್ತದೆ. ಅಂಥವರ ನಡುವೆ ನಮ್ಮ ಅಮ್ಮ, ಸೋದರಮಾವ, ಹೆಂಡತಿ, ಮಗಳನ್ನು ತಂದು ಮುಂದಿನ ಸಾಲಿನ ಸೋಫಾದಲ್ಲಿ ಕೂರಿಸುತ್ತಾರೆ. ಕಲಾವಿದರ ಕುಟುಂಬ ಅಂತ ಮರ್ಯಾದೆ.

ಮರ್ಯಾದೆ ಏನೋ ಸರಿ. ಆದರೆ ಅಲ್ಲಿ ಕೂತವರು ಕೈಕಾಲು ಆಡಿಸುವ ಹಾಗಿಲ್ಲ. ಮಾವನಿಗೆ ಮಂಡಿ ನೋವು, ಕಾಲು ಚಾಚಿದರೆ ವೇದಿಕೆಗೇ ತಾಗುತ್ತದೆ. ಅಮ್ಮನಿಗೆ ಪಕ್ಕದಲ್ಲಿ ಕೂತ ರೇಷ್ಮೆ ಸೀರೆಯವರು ತಲೆದೂಗಿದಾಗ ತಾನೂ ತಲೆದೂಗಬೇಕಾ ಅನ್ನುವ ಯೋಚನೆ. ಹಿಂದಿನಿಂದ ನೂರಾರು ಕಣ್ಣು ತನ್ನ ಬೆನ್ನ ಮೇಲಿವೆ ಅಂತ ಅವಳಿಗೆ ಗೊತ್ತು. ಇಂಥದ್ದರಲ್ಲಿ ಯಾರು ತಾನೇ ಸಂಗೀತ ಕೇಳುತ್ತಾರೆ?

ಮಗಳದ್ದು ಇನ್ನೊಂದು ಕಥೆ. ಅವಳು ಈಗಷ್ಟೇ ಸರಳೆ ವರಸೆ ಕಲಿಯುತ್ತಿದ್ದಾಳೆ, ಗೊತ್ತಿರುವುದು ಆದಿತಾಳ ಒಂದೇ. ಹಾಡುವವರು ಮಿಶ್ರಛಾಪು ತಾಳದ ಕೃತಿ ಎತ್ತಿಕೊಂಡರು. ಏಳರ ಲೆಕ್ಕ. ಇವಳು ಸರಿಯಾಗಿ ನನ್ನ ಕಣ್ಣೆದುರಿಗೇ ಕೂತು, ಬೆರಳು ಎಣಿಸಿಕೊಂಡು, ಎಂಟರ ಲೆಕ್ಕದಲ್ಲಿ ತೊಡೆ ತಟ್ಟತೊಡಗಿದಳು. ಅದೂ ಏನು ಶ್ರದ್ಧೆ! ಎಷ್ಟು ಬೇಡ ಅಂದರೂ ಕಣ್ಣು ಅಲ್ಲಿಗೇ ಹೋಗುತ್ತದೆ. ಕೊನೆಗೆ ಪಿಟೀಲಿನವರ ಕಮಾನಿನ ಮೇಲೆ ಕಣ್ಣು ನೆಟ್ಟು ಕೃತಿ ಮುಗಿಸಿದೆ.

ತನಿ ಆವರ್ತನದ ವಿಷಯ ಸಂಗೀತದವರಿಗೆಲ್ಲ ಗೊತ್ತು. ಹಾಡು ನಿಂತು ಮೃದಂಗದ ಸರದಿ ಬಂದ ಕೂಡಲೇ ಸಭೆಯಲ್ಲಿ ಕಾಫಿಗೆ ಏಳುವವರ ಸಾಲು. ಇದಕ್ಕೆ ನಾನು ಬೇಜಾರು ಮಾಡಿಕೊಳ್ಳುವುದು ಬಿಟ್ಟು ಎಷ್ಟೋ ಕಾಲ ಆಯಿತು. ಪರಊರಲ್ಲಿ ಎದ್ದು ಹೋದವರ ಮುಖ ನೆನಪಿರಲ್ಲ. ಮೈಸೂರಲ್ಲಿ ಮಾತ್ರ ಅಮ್ಮ ತಿರುಗಿ ತಿರುಗಿ ನೋಡುತ್ತಾಳೆ, ಯಾರ್‍ಯಾರು ಎದ್ದರು ಅಂತ. ರಾತ್ರಿ ಅದರ ವರದಿ ಬೇರೆ. "ಆ ಕನ್ನಡಕದವರು ನೀನು ಶುರು ಮಾಡೋಕೂ ಅವರು ಏಳೋಕೂ ಸರಿಹೋಯ್ತು ಕಣಪ್ಪ."

ಒಂದು ಕಡೆಯಂತೂ ತನಿಗೆ ಮುಂಚೆ ಕಚೇರಿ ನಿಲ್ಲಿಸಿ ಭಾಷಣ ಶುರು ಮಾಡಿದರು. ಆಮೇಲೆ "ಮೃದಂಗ ವಿದ್ವಾಂಸರ ತಾಯಿಯವರು ನಮ್ಮ ನಡುವೆ ಇದ್ದಾರೆ, ವೇದಿಕೆಗೆ ಬರಬೇಕು" ಅಂತ ಮೈಕಲ್ಲಿ ಕರೆದರು. ಶಾಲು, ಹಣ್ಣಿನ ಬುಟ್ಟಿ, ಫೋಟೋ. ಅಮ್ಮನ ಮುಖ ಬಾಡಿಹೋಯಿತು. ಇತ್ತ ಮೃದಂಗದ ಎಡಗಡೆ ಮುಚ್ಚಿಗೆಗೆ, ಅಂದರೆ ಚರ್ಮದ ಹೊದಿಕೆಗೆ, ಕಲಸಿ ಹಚ್ಚಿದ್ದ ರವೆ ಒಣಗುತ್ತಿತ್ತು. ರವೆ ಒಣಗಿದರೆ ಆ ಗುಂಯ್ ಅನ್ನುವ ನಾದ ಹೋಗಿ ಬರೀ ಢಬ್ ಅನ್ನುತ್ತದೆ. ನೀರು ಮುಟ್ಟಿಸಿ ಮತ್ತೆ ಹದಕ್ಕೆ ತಂದುಕೊಳ್ಳಬೇಕು. ಹಣ್ಣಿನ ಬುಟ್ಟಿ ಕೊಡುವವರಿಗೆ ಇದು ಹೇಗೆ ಗೊತ್ತಾಗಬೇಕು, ಅಲ್ವಾ?

ಆಮೇಲೊಂದು ಗಣಪತಿ ಪೆಂಡಾಲಿನ ಕಚೇರಿಗೆ ಇವರೆಲ್ಲ ತಡವಾಗಿ ಬಂದರು. ಮುಂದೆ ಜಾಗ ಇರಲಿಲ್ಲ. ಹಿಂದೆ ಪ್ಲಾಸ್ಟಿಕ್ ಕುರ್ಚಿ ಎಳೆದುಕೊಂಡು, ಕಡಲೆಕಾಯಿ ತಿನ್ನುತ್ತಾ ಕೂತರು. ಅವತ್ತು ಸಂಜೆ ಸೋನೆ ಮಳೆ. ಥಂಡಿಗೆ ಚರ್ಮ ಸಡಿಲ ಆಗಿ ಶ್ರುತಿ ಇಳಿಯುತ್ತಲೇ ಇತ್ತು. ಹಾಡು ಹಾಡಿನ ನಡುವೆ ಗುಂಡುಕಲ್ಲು ತಗೊಂಡು ಮುಚ್ಚಿಗೆಯ ಅಂಚನ್ನು ಸುತ್ತಲೂ ತಟ್ಟುವುದು, ತಂಬೂರಿಗೆ ಕಿವಿ ಕೊಡುವುದು, ಮತ್ತೆ ತಟ್ಟುವುದು. ಮುಗಿದ ಮೇಲೆ ರಸಿಕರು ಬಂದು "ಅದ್ಭುತ ಸಾರ್" ಅಂದರು. ಮಾವ ಬಂದವರೇ, "ಏನ್ಲಾ, ಚರ್ಮ ಇಳ್ದೋಗಿತ್ತಲ್ಲ? ನಮ್ಮ ತಮಟೆಯವ್ರಾಗಿದ್ರೆ ಬೆಂಕಿ ಹಾಕಿ ಕಾಯ್ಸೋರು" ಅಂದರು.

ನಾನು ಬೆಪ್ಪಾಗಿ ನಿಂತೆ. ಇಡೀ ಸಭೆಯಲ್ಲಿ ನನ್ನ ಪಾಡು ಕಂಡಿದ್ದು ಅವರೊಬ್ಬರಿಗೇ. ವಯಸ್ಸಿನಲ್ಲಿ ಮಾವ ಊರಹಬ್ಬದ ಪೂಜಾ ಕುಣಿತದಲ್ಲಿ ದೇವರ ಪೂಜೆಯ ಚೌಕಟ್ಟು ಹೊತ್ತು ತಮಟೆ ಸದ್ದಿಗೆ ಕುಣಿದವರು. ರಾಗ ತಾಳದ ಹೆಸರು ಗೊತ್ತಿಲ್ಲ, ಚರ್ಮದ ಸದ್ದು ಗೊತ್ತು. ಹೆಂಡತಿಯದು ಬೇರೆ ಥರದ ಕಿವಿ. ಮನೆಯಲ್ಲಿ ಅಡುಗೆಮನೆ ಗೋಡೆಯಾಚೆಯಿಂದ ನನ್ನ ಸಾಧಕ ಕೇಳಿ ಕೇಳಿ ಅವಳಿಗೆ ತನಿಯ ಕೊನೆಗೆ ಮೂರು ಸಲ ನುಡಿಸುವ ಮುಕ್ತಾಯಗಳೆಲ್ಲ ಬಾಯಿಪಾಠ. "ಎರಡನೇ ಸಲ ಬರುವಾಗ ಓಡಿದ್ರಿ" ಅಂದಳು. ಲಯ ಮೀರಿ ಓಡಿದ್ದು ನಿಜವೇ. ಸೋಫಾದಲ್ಲಿ ಕೂತ ದಿನಗಳಲ್ಲಿ ಇವರಿಬ್ಬರೂ ಇಂಥ ಒಂದು ಮಾತೂ ಆಡಿದ್ದಿಲ್ಲ. "ಚೆನ್ನಾಗಿತ್ತು" ಅನ್ನುವುದು, ಕಾರು ಹತ್ತುವುದು.

ಮನೆಯವರಿಗೆ ಶಾಸ್ತ್ರೀಯ ಸಂಗೀತ ಅರ್ಥ ಆಗಲ್ಲ ಅಂತ ನಮ್ಮ ವೃತ್ತಿಯವರು ಸಲೀಸಾಗಿ ಹೇಳಿಬಿಡುತ್ತಾರೆ. ಅರ್ಥ ಮಾಡಿಕೊಳ್ಳೋಕೆ ನಾವು ಬಿಟ್ಟರೆ ತಾನೇ? ಅಂದದ ಗೊಂಬೆಗಳ ಹಾಗೆ ಮುಂದೆ ಕೂರಿಸಿ ಬಾಯಿ ಕಟ್ಟಿದ್ದೇ ನಾವು. ಅಮ್ಮನಂತೂ ಆಮಂತ್ರಣ ಪತ್ರಿಕೆ ಹಿಡಿದು, "ಹಾಡೋರ ಹೆಸರು ಇಷ್ಟು ದಪ್ಪ, ನಿಂದ್ಯಾಕೆ ಇಷ್ಟು ಸಣ್ಣ?" ಅಂತ ಕೇಳುತ್ತಾಳೆ. ಪಕ್ಕವಾದ್ಯದವರು ಒಳಗೊಳಗೇ ಗೊಣಗುವ ಮಾತನ್ನು ಅವಳು ನೇರವಾಗಿ ಕೇಳುತ್ತಾಳೆ. ಸಂಭಾವನೆಯ ವಿಷಯ ಇನ್ನೂ ಅವಳ ಕಿವಿಗೆ ಬಿದ್ದಿಲ್ಲ, ಬೀಳದಿದ್ದರೇ ಒಳ್ಳೆಯದು.

ಈಗ ಮೈಸೂರಲ್ಲಿ ಕಚೇರಿ ಒಪ್ಪಿಕೊಳ್ಳುವಾಗಲೇ ಸಂಘಟಕರಿಗೆ ಹೇಳಿಬಿಡುತ್ತೇನೆ. ನಮ್ಮ ಮನೆಯವರಿಗೆ ಅಂತ ಸೀಟು ಕಾದಿರಿಸಬೇಡಿ, ವೇದಿಕೆಗೆ ಕರೆಯಬೇಡಿ, ಅವರು ಬಂದಿದ್ದಾರೆ ಅಂತ ಮೈಕಲ್ಲಿ ಹೇಳಲೂ ಬೇಡಿ. ಕೆಲವರಿಗೆ ಸಿಟ್ಟು ಬರುತ್ತದೆ. ಬರಲಿ. ನೆಂಟರಿಗೂ ಅದೇ ಮಾತು: ಎಲ್ಲಿ ಬೇಕೋ ಅಲ್ಲಿ ಕೂತ್ಕೊಳ್ಳಿ, ಬೇಜಾರಾದರೆ ಎದ್ದು ಹೋಗಿ, ತನಿ ಹೊತ್ತಲ್ಲೇ ಬೇಕಾದರೂ ಕಾಫಿ ಕುಡಿದು ಬನ್ನಿ. ಮಗಳಿಗೆ ಮಾತ್ರ ಒಂದು ಷರತ್ತು. ಮಿಶ್ರಛಾಪು ಕಲಿಯುವವರೆಗೂ ಕಂಬದ ಹಿಂದಿನ ಕುರ್ಚಿ.