ಸಲಹೆ ನೀಡಲಾಗಿದೆ

ನನ್ನ ಮನೆಗೆ ಮೋಲ್ಡ್ ಹಾಕಬೇಕಿದ್ದ ದಿನ ಮೇಸ್ತ್ರಿ ನಾಪತ್ತೆ. ಸೆಂಟ್ರಿಂಗ್ ಆಗಿತ್ತು, ಕಂಬಿ ಕಟ್ಟಿಯಾಗಿತ್ತು, ಮಿಕ್ಸರ್‌ಗೆ ಅಡ್ವಾನ್ಸ್ ಹೋಗಿತ್ತು, ಆಳುಗಳ ಊಟಕ್ಕೆಂದು ತಂದ ನಾಲ್ಕು ಕೋಳಿ ಮರಳ ರಾಶಿ ಪಕ್ಕ ಕಾಲು ಕಟ್ಟಿಸಿಕೊಂಡು ಕೂತಿದ್ದವು. ಫೋನ್ ಮಾಡಿದರೆ ಮೇಸ್ತ್ರಿ ಪಿಸುಗುಟ್ಟಿದ: “ಸಾರ್, ಟ್ರೈನಿಂಗಲ್ಲಿದೀನಿ. ಕರೆಂಟ್ ಉಳಿಸೋದ್ ಹೆಂಗೆ ಅಂತ ಓನರ್‌ಗಳಿಗೆ ಹೇಳೋ ಟ್ರೈನಿಂಗು. ಬರದಿದ್ರೆ ಸರ್ಟಿಫಿಕೇಟ್ ಇಲ್ವಂತೆ. ಇಲ್ಲಿ ಒಳ್ಳೆ ಚಳಿ ಸಾರ್, ಹಲ್ಲು ಕಟಕಟ ಅಂತಾವೆ.”

ಮೇ ತಿಂಗಳ ತುಮಕೂರಿನಲ್ಲಿ ಚಳಿ! ನೋಡಲೇಬೇಕೆಂದು ಸ್ಕೂಟರ್ ಹತ್ತಿದೆ.

ಬಿ.ಎಚ್. ರಸ್ತೆಯ ಆಸುಪಾಸಿನ ಒಂದು ಸಭಾಂಗಣ. ಬೆಳಗ್ಗೆ ಹನ್ನೊಂದು ಗಂಟೆ. ಕಿಟಕಿಗಳಿಗೆಲ್ಲ ದಪ್ಪ ಪರದೆ ಎಳೆದು, ಕತ್ತಲಾಯಿತಲ್ಲ ಎಂದು ಅಷ್ಟೂ ಲೈಟ್ ಹಾಕಿದ್ದರು. ಎ.ಸಿ. ಮೇಲೆ ಹಸಿರು ಅಕ್ಷರದಲ್ಲಿ 18 ಎಂದು ಹೊಳೆಯುತ್ತಿತ್ತು. ಅದರ ಕೆಳಗೆ ಐವತ್ತು ಮಂದಿ ಗಾರೆಯವರು, ಎಲೆಕ್ಟ್ರಿಷಿಯನ್‌ಗಳು, ಸಣ್ಣಪುಟ್ಟ ಕಂಟ್ರಾಕ್ಟರ್‌ಗಳು ಧನುರ್ಮಾಸದ ಭಜನೆಗೆ ಬಂದವರಂತೆ ಕಿವಿಗೆ ಟವಲ್ ಸುತ್ತಿಕೊಂಡು ಕೂತಿದ್ದರು. ಪ್ರೊಜೆಕ್ಟರ್ ಪರದೆಯ ಮೇಲಿದ್ದ ಸ್ಲೈಡ್ ಹೀಗೆ ಹೇಳುತ್ತಿತ್ತು: ಎ.ಸಿ.ಯನ್ನು 24ಕ್ಕೆ ಇಡಿ, ಒಂದೊಂದು ಡಿಗ್ರಿ ಏರಿಸಿದರೂ ಸುಮಾರು ಶೇ. 6ರಷ್ಟು ವಿದ್ಯುತ್ ಉಳಿಯುತ್ತದೆ. ಸ್ಟಾರ್ ಗುರುತಿನ ಎ.ಸಿ.ಗಳು 2020ರಿಂದ 24ಕ್ಕೇ ಹೊಂದಿಸಿ ಕಾರ್ಖಾನೆಯಿಂದ ಬರುತ್ತವೆ ಎಂದೂ ತರಬೇತುದಾರರು ವಿವರಿಸಿದರು. ಹಿಂದಿನ ಸಾಲಿನ ಒಬ್ಬ ಎದ್ದು, “ಸಾರ್, ಹಂಗಾದ್ರೆ ಇದನ್ನ ಒಸಿ ಏರಿಸ್ರಿ” ಎಂದ. ರಿಮೋಟ್ ಮ್ಯಾನೇಜರ್ ಜೇಬಿನಲ್ಲಿತ್ತು. ಮ್ಯಾನೇಜರ್ ಯಾವುದೋ ಆರತಕ್ಷತೆಯಲ್ಲಿದ್ದರು.

ನಂತರ ಬಂದದ್ದು ‘ಇಕೋ ನಿವಾಸ ಸಂಹಿತೆ’. 2018ರದ್ದು. ಕೇಂದ್ರದ ಇಂಧನ ದಕ್ಷತಾ ಬ್ಯೂರೋ ಮನೆಗಳಿಗೆಂದೇ ಬರೆದದ್ದು. ಗೋಡೆ ಕಿಟಕಿಗಳಿಂದ ಒಳಗೆ ನುಗ್ಗುವ ಶಾಖ ಚದರ ಮೀಟರಿಗೆ 15 ವ್ಯಾಟ್ ದಾಟಬಾರದು ಎನ್ನುತ್ತದೆ. ಒಳ್ಳೆಯ ಮಾತು, ನಾನು ತಲೆಬಾಗುತ್ತೇನೆ. ಆದರೆ ಅದು ಬಂದಾಗ ಲೆಕ್ಕಕ್ಕೆ ತೆಗೆದುಕೊಂಡದ್ದು 500 ಚದರ ಮೀಟರ್ ಮತ್ತು ಅದಕ್ಕಿಂತ ದೊಡ್ಡ ನಿವೇಶನಗಳನ್ನು. ನನ್ನದು ಥರ್ಟಿ ಫಾರ್ಟಿ. ಮೀಟರಿಗೆ ಇಳಿಸಿದರೆ 111 ಚಿಲ್ಲರೆ. ಅಲ್ಲಿ ಕೂತಿದ್ದ ಐವತ್ತು ಜನರಲ್ಲಿ ಯಾರಾದರೂ 500 ಚದರ ಮೀಟರಿನ ಸೈಟಿನಲ್ಲಿ ಮನೆ ಕಟ್ಟಿದ್ದರೆ ಅವರಿಗೆ ಅಲ್ಲೇ ಹಾರ ಹಾಕುತ್ತಿದ್ದೆ.

ಮುಂದಿನ ಚಿತ್ರದಲ್ಲಿ ನೀಲಿ ಬಾಣವೊಂದು ಒಂದು ಕಿಟಕಿಯಿಂದ ನುಗ್ಗಿ, ಸೋಫಾ ಮೇಲೆ ಕೂತ ಸುಖೀ ಸಂಸಾರವನ್ನು ಸವರಿಕೊಂಡು ಎದುರು ಕಿಟಕಿಯಿಂದ ಹೊರಟುಹೋಯಿತು. ಅದು ಗಾಳಿ ಅಂತೆ. ನಮ್ಮ ಬಡಾವಣೆಯಲ್ಲಿ ಆ ಬಾಣ ಒಳಗೆ ಬರಬೇಕಾದರೆ ಮೊದಲು ಪಕ್ಕದ ಮನೆಯ ಬಾತ್‌ರೂಮ್ ಪೈಪು ದಾಟಬೇಕು. ಎರಡು ಗೋಡೆಗಳ ನಡುವೆ ಬೆಕ್ಕು ಅಡ್ಡ ತಿರುಗಲಾರದಷ್ಟು ಜಾಗ ಬಿಟ್ಟಿದ್ದೇವೆ. ನಕ್ಷೆಯಲ್ಲಿ ಮಾತ್ರ ಎತ್ತಿನ ಗಾಡಿ ಹೋಗುವಷ್ಟಿದೆ.

ಹನ್ನೆರಡೂವರೆಗೆ ಕರೆಂಟ್ ಹೋಯಿತು. ಇಲ್ಲಿಗೆ ನೂರು ಕಿಲೋಮೀಟರ್ ಚಿಲ್ಲರೆ ದೂರದಲ್ಲಿ, ಇದೇ ಜಿಲ್ಲೆಯ ಪಾವಗಡದಲ್ಲಿ, 13 ಸಾವಿರ ಎಕರೆಯಲ್ಲಿ 2,050 ಮೆಗಾವ್ಯಾಟ್ ಸಾಮರ್ಥ್ಯದ ಸೋಲಾರ್ ಪಾರ್ಕ್ ಬಿಸಿಲು ಕುಡಿಯುತ್ತಾ ಮಲಗಿದೆ ಎಂಬುದು ಇಲ್ಲಿ ಅಪ್ರಸ್ತುತ. ಕತ್ತಲಲ್ಲಿ ಯಾರೋ ಎದ್ದು ಪರದೆ ಸರಿಸಿ ಕಿಟಕಿ ತೆಗೆದರು. ಬೆಳಕು ಬಂತು, ಹೊಂಗೆ ಹೂವಿನ ವಾಸನೆ ಹೊತ್ತ ಗಾಳಿ ಬಂತು, ಟವಲ್‌ಗಳು ಕಿವಿಯಿಂದ ಹೆಗಲಿಗಿಳಿದವು. ಹತ್ತು ನಿಮಿಷ ಜನ ತಮ್ಮತಮ್ಮೊಳಗೆ ನಿಜವಾದ ಮಾತಾಡಿದರು. ಮಧುಗಿರಿ ಕಡೆಯ ಒಬ್ಬ ವಯಸ್ಸಾದ ಗಾರೆಯವರು, “ನಮ್ಮಪ್ಪ ಕಟ್ಟಿದ್ದು ಮಾಳಿಗೆ ಮನೆ. ಎರಡಡಿ ಮಣ್ಣಿನ ಗೋಡೆ, ಜಂತೆ ಮೇಲೆ ಮಣ್ಣು, ನಡುವೆ ಒಂದು ಬೆಳಕಿಂಡಿ. ಬೇಸಿಗೇಲಿ ಮಧ್ಯಾಹ್ನ ಒಳಗೆ ಮಲಗಿದ್ರೆ ಕಂಬಳಿ ಕೇಳ್ತಿತ್ತು” ಎಂದರು. ಅಷ್ಟರಲ್ಲಿ ಕರೆಂಟ್ ಬಂತು. ಪ್ರೊಜೆಕ್ಟರ್ ಕಾಣುವುದಿಲ್ಲವೆಂದು ಕಿಟಕಿ ಮುಚ್ಚಿ ಪರದೆ ಎಳೆದರು. ಮುಂದಿನ ಸ್ಲೈಡ್ ‘ಥರ್ಮಲ್ ಮಾಸ್’. ದಪ್ಪ ಗೋಡೆ ಶಾಖವನ್ನು ತಡೆದಿಡುತ್ತದೆ ಎಂದು ಇಂಗ್ಲಿಷಿನಲ್ಲಿ ಬರೆದಿತ್ತು. ಹಿರಿಯರು ಅದನ್ನು ಕಣ್ಣು ಕಿರಿದು ಮಾಡಿ ನೋಡಿದರು, ಓದಲಾಗಲಿಲ್ಲ, ಟವಲ್ ಮತ್ತೆ ಕಿವಿಗೆ ಹೋಯಿತು. ಅವರ ಅಪ್ಪನ ಆ ಮನೆ ಈಗಿಲ್ಲ. ಸರ್ಕಾರಿ ಸಮೀಕ್ಷೆಯ ಪ್ರಕಾರ ಮಣ್ಣಿನ ಗೋಡೆ ಎಂದರೆ ‘ಕಚ್ಚಾ’. ಕೆಡವಿ ಆರ್‌ಸಿಸಿ ಹಾಕಿ ‘ಪಕ್ಕಾ’ ಆಗಿದ್ದಾರೆ. ಈಗ ಬೇಸಿಗೆಯಲ್ಲಿ ಅಂಗಳದಲ್ಲಿ ಮಲಗುತ್ತಾರಂತೆ.

ಮಾರನೆಯ ದಿನ ನಮ್ಮ ಮೇಸ್ತ್ರಿ ಬಂದ. ಕೋಳಿಗಳಿಗೆ ಒಂದು ದಿನದ ಆಯುಷ್ಯ ಹೆಚ್ಚಾಗಿತ್ತು. ತರಬೇತಿಯಿಂದ ಆದ ಉಳಿತಾಯ ಸದ್ಯಕ್ಕೆ ಅಷ್ಟೇ. ಮೇಸ್ತ್ರಿಯ ಮುಖದಲ್ಲಿ ಹೊಸ ಗಾಂಭೀರ್ಯವಿತ್ತು.

“ಸಾರ್, ಎದುರಿನ ಗ್ಲಾಸ್ ಬ್ಯಾಡ. ಪಡುವಣ ಮುಖ. ಮಧ್ಯಾಹ್ನದ ಮೇಲೆ ಬಿಸಿಲೆಲ್ಲಾ ಮನೆಯೊಳಗೇ. ಎರಡಡಿ ಸಜ್ಜಾ ಬಿಡಣ.”

ಆ ಗ್ಲಾಸ್ ನನ್ನ ಭಾಮೈದನ ಐಡಿಯಾ. ಅವನು ಎಲಿವೇಶನ್ನನ್ನು ಮೊಬೈಲ್‌ನಲ್ಲಿ ದುಬೈನಿಂದ ಇಳಿಸಿದ್ದಾನೆ. ಸಜ್ಜಾ ಬಿಟ್ಟರೆ ಹಳ್ಳಿ ಮನೆ ತರ ಕಾಣುತ್ತದೆ ಎಂದು ಆಗಲೇ ತೀರ್ಪು ಕೊಟ್ಟಿದ್ದ.

“ಹಂಗಾದ್ರೆ ನೈರುತ್ಯದ ರೂಮಾದ್ರೂ ಸ್ಟೋರ್ ಮಾಡ್ಕಳಿ. ಸಾಯಂಕಾಲ ಅದೇ ಹೆಚ್ಚು ಕಾಯೋದು.”

ನೈರುತ್ಯದಲ್ಲಿ ಯಜಮಾನನ ಕೋಣೆ ಎಂದು ವಾಸ್ತುವಿನವರು ಬರೆದುಕೊಟ್ಟಿದ್ದಾರೆ. ಯಜಮಾನ ಬೆವರಬಾರದು ಎಂದು ಅವರೇನೂ ಬರೆದಿಲ್ಲ.

ಮೇಸ್ತ್ರಿ ಸೋಲಲಿಲ್ಲ. ಖಾಲಿ ಸಿಮೆಂಟ್ ಚೀಲದ ಮೇಲೆ ಇದ್ದಿಲಿನಿಂದ ಲೆಕ್ಕ ಹಾಕಿ ತೋರಿಸಿದ. ಮಾಮೂಲಿ ಫ್ಯಾನ್ 75 ವ್ಯಾಟ್, ಕರೆಂಟ್ ಕಮ್ಮಿ ಕುಡಿಯುವ ಹೊಸ ಬಗೆಯ ಬಿಎಲ್‌ಡಿಸಿ ಫ್ಯಾನ್ 30. ದಿನಕ್ಕೆ ಹತ್ತು ಗಂಟೆ ತಿರುಗಿದರೆ ಒಂದು ಫ್ಯಾನ್‌ಗೆ ತಿಂಗಳಿಗೆ ಹದಿಮೂರೂವರೆ ಯೂನಿಟ್ ಉಳಿತಾಯ. ಲೆಕ್ಕ ಸರಿಯಾಗಿಯೇ ಇತ್ತು. ನಾನು ಕೇಳಿದೆ: “ಉಳಿಸಿ ಏನ್ ಮಾಡ್ಲಪ್ಪ? ಬಿಲ್ಲೇ ಸೊನ್ನೆ.”

ಇದರಲ್ಲಿ ನನ್ನ ತಪ್ಪಿಲ್ಲ. 2023ರಲ್ಲಿ ಗೃಹಜ್ಯೋತಿ ಬಂದಾಗ 200 ಯೂನಿಟ್ ಮಿತಿಯೊಳಗೆ ಹಿಂದಿನ ವರ್ಷದ ಸರಾಸರಿಯ ಮೇಲೆ ಶೇ. 10 ಸೇರಿಸಿ ಉಚಿತ ಎಂದರು. ಜೀವಮಾನವಿಡೀ ಲೈಟ್ ಆರಿಸಿ ಆರಿಸಿ ಬೆರಳು ಸವೆಸಿದ ನಮ್ಮ ಮಾವನವರು ತಿಂಗಳಿಗೆ 60 ಯೂನಿಟ್ ಬಳಸುತ್ತಿದ್ದರು, ಅವರಿಗೆ ಸಿಕ್ಕಿದ್ದು 66. ಎದುರು ಮನೆಯವರು ಗೀಸರ್ ಆನ್ ಮಾಡಿ ದೇವರಾಯನದುರ್ಗಕ್ಕೆ ಟ್ರಿಪ್ ಹೋಗುವ ಜನ. ಅವರ ಸರಾಸರಿ 180, ಸಿಕ್ಕಿದ್ದು 198. ಮಾವ ಅಂದಿನಿಂದ ಸ್ವಿಚ್ ಬೋರ್ಡ್ ಕಡೆ ನೋಡುವುದನ್ನೇ ಬಿಟ್ಟಿದ್ದಾರೆ. ಹೊಸ ಮನೆಗೆ ರಾಜ್ಯದ ಸರಾಸರಿ ಹಿಡಿದು 58 ಯೂನಿಟ್ ಎಂದು ತಿಳಿದಾಗ ಭಾಮೈದ ಇನ್ನೊಂದು ಸಲಹೆ ಕೊಟ್ಟ: “ಭಾವ, ಮೊದಲ್ನೇ ವರ್ಷ ಧಾರಾಳವಾಗಿ ಉರಿಸಿ, ಸರಾಸರಿ ಏರ್ಲಿ.” ಸಲಹೆಗಾರ ಎಂದರೆ ಹೀಗಿರಬೇಕು. ಇವನಿಗೆ ಯಾವ ತರಬೇತಿಯೂ ಆಗಿಲ್ಲ.

ಮೇಸ್ತ್ರಿ ಇದ್ದಿಲು ಎಸೆದು ಕೈ ಕೊಡವಿಕೊಂಡ. ಮೋಲ್ಡ್ ಬಿತ್ತು, ಊಟವೂ ಆಯಿತು. ಗ್ಲಾಸೂ ಕೂತಿತು. ಗಿಲಾವು ನಡೆಯುತ್ತಿದ್ದ ಒಂದು ಸಂಜೆ ನಾಲ್ಕು ಗಂಟೆಗೆ ನಾನು ನೈರುತ್ಯದ ಕೋಣೆಯಲ್ಲಿ ನಿಂತು ಗೋಡೆ ಮುಟ್ಟಿದೆ. ಆಗತಾನೆ ಇಳಿಸಿದ ರೊಟ್ಟಿ ಹಂಚಿನಂತಿತ್ತು. ಆಳುಗಳೆಲ್ಲ ಹೊರಗೆ ಮರದ ಕೆಳಗೆ ಟೀ ಕುಡಿಯುತ್ತಿದ್ದರು.

ಮೇಸ್ತ್ರಿ ಬಂದು, ಊಟದ ಡಬ್ಬಿಯ ಚೀಲದಿಂದ ಮಡಚಿದ ಕಾಗದ ತೆಗೆದ. ತರಬೇತಿಯವರು ಕೊಟ್ಟ ಫಾರಂ. ‘ಗ್ರಾಹಕರಿಗೆ ಇಂಧನ ಉಳಿತಾಯದ ಸಲಹೆ ನೀಡಲಾಗಿದೆಯೇ? ಹೌದು / ಇಲ್ಲ.’ ಅದರ ಕೆಳಗೆ ಗ್ರಾಹಕರ ಸಹಿ. ಸಲಹೆಯನ್ನು ಯಾರಾದರೂ ಪಾಲಿಸಿದರೇ ಎಂಬ ಕಾಲಂ ಹಿಂದೆ ಮುಂದೆ ತಿರುಗಿಸಿ ಹುಡುಕಿದರೂ ಕಾಣಲಿಲ್ಲ. ನಾನು ‘ಹೌದು’ಗೆ ಗುರುತು ಹಾಕಿ, ಕಾಗದವನ್ನು ಆ ಬಿಸಿ ಗೋಡೆಗೇ ಒತ್ತಿ ಹಿಡಿದು ಸಹಿ ಮಾಡಿದೆ.

ಅವನು ಅಲ್ಲೇ ನಿಂತಿದ್ದ. ಚೀಲದಿಂದ ಇನ್ನೂ ಒಂಬತ್ತು ಫಾರಂ ತೆಗೆದ.

“ಹತ್ತು ಜನದ್ ಬೇಕಂತೆ ಸಾರ್, ಸರ್ಟಿಫಿಕೇಟ್‌ಗೆ. ಇವಕ್ಕೂ ನೀವೇ ಹಾಕ್ಬಿಡಿ. ಬ್ಯಾರೆ ಬ್ಯಾರೆ ಬಣ್ಣದ ಪೆನ್ ತಂದಿದೀನಿ.”